ಕಾಬೂಲಿನ ಚಹಾ, ಸವಣೂರಿನ ಬಾಗಿಲು

ಹಾನಗಲ್ಲಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಸ್ಕೂಟರು ರಿಪೇರಿ ಮಾಡುವ ಹುಡುಗನೊಬ್ಬನಿದ್ದಾನೆ. ಹಿರೇಕೆರೂರು ತಾಲೂಕಿನ ಹಳ್ಳಿಯವನು. ಕೆಲಸ ಮಾಡುವಾಗ ಅವನ ಮೊಬೈಲು ಗ್ರೀಸಿನ ಡಬ್ಬಿಗೆ ಒರಗಿಕೊಂಡು ಓಡುತ್ತಲೇ ಇರುತ್ತದೆ. ಕೈಗೆ ಎಣ್ಣೆ ಮೆತ್ತಿರುವುದರಿಂದ ಮುಂದೆ ಯಾವ ವಿಡಿಯೋ ಬರಬೇಕೆಂದು ಅವನು ಆರಿಸುವುದಿಲ್ಲ. ಯಂತ್ರವೇ ಆರಿಸಿ ಒಂದಾದ ಮೇಲೊಂದು ಬಡಿಸುತ್ತದೆ. ಕಳೆದ ಮಳೆಗಾಲದ ಒಂದು ಸಂಜೆ ಬ್ರೇಕು ಸರಿಮಾಡಿಸಲು ಹೋಗಿ ಮಳೆಗೆ ಸಿಕ್ಕಿಬಿದ್ದು ಅಲ್ಲಿಯೇ ಮುಕ್ಕಾಲು ಗಂಟೆ ಕುಳಿತೆ. ಅಷ್ಟರಲ್ಲಿ ಕೇರಳದ ಯಾರದೋ ದೊಡ್ಡ ಮನೆಯೊಂದು ಬಂದು ಹೋಯಿತು. ಕನ್ನಡದ ಹುಡುಗನೊಬ್ಬ ಅಫಘಾನಿಸ್ತಾನದ ಪೇಟೆಯಲ್ಲಿ ತಿರುಗಾಡಿದ. ಯಾವುದೋ ಯುದ್ಧದ ನಕಾಶೆಯ ಮೇಲೆ ಕೆಂಪು ಬಾಣಗಳು ಓಡಾಡಿದವು. ಅದರ ಬೆನ್ನಿಗೆ, ಯಾಕೆ ಬಂತೋ ತಿಳಿಯದು, ತಂಬೂರಿಯ ಶ್ರುತಿಯ ಮೇಲೆ ಒಂದು ಭಾರವಾದ ಧ್ವನಿ ನಿಧಾನವಾಗಿ ಷಡ್ಜ ಹಿಡಿಯಿತು.

ಹುಡುಗ ಸ್ಪ್ಯಾನರು ಕೆಳಗಿಟ್ಟು ಕೇಳಿದ: 'ಸಾಹೇಬ್ರ, ಇದು ಗಂಡಸರ ದನಿನೋ ಹೆಂಗಸರ ದನಿನೋ?'

'ಹೆಂಗಸರದಪಾ. ಗಂಗೂಬಾಯಿ ಹಾನಗಲ್ ಅಂತ.'

'ಹಾನಗಲ್ಲ? ನಮ್ಮ ಈ ಹಾನಗಲ್ಲಾ?'

ಹೌದು ಎಂದೆ. ಪೂರ್ತಿ ಹೌದಲ್ಲ. ಅವರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ, 2009ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ಹಾನಗಲ್ಲು ಮನೆತನದ ಮೂಲದ ಊರು. ಹೆಸರಿಗೆ ಅಂಟಿಕೊಂಡು ಅದು ಜಗತ್ತೆಲ್ಲ ತಿರುಗಿತು. ಇಷ್ಟನ್ನು ಹೇಳಿ ಮುಗಿಸುವುದರೊಳಗೆ ಯಂತ್ರ ಮುಂದಿನ ವಿಡಿಯೋಕ್ಕೆ ಹೋಗಿಬಿಟ್ಟಿತ್ತು. ಹುಡುಗನಿಗೆ ಕಾಬೂಲಿನ ಅಂಗಡಿಕಾರರ ಹಾವಭಾವ ಗೊತ್ತು, ಉಕ್ರೇನಿನ ಊರುಗಳ ಹೆಸರು ಗೊತ್ತು, ಕೇರಳದ ಮನೆಯ ಒಳಾಂಗಣ ಗೊತ್ತು. ತಾನು ದಿನವೂ ಬಸ್ಸಿಳಿಯುವ ಊರಿನ ಹೆಸರು ಹೊತ್ತ ಗಾಯಕಿ ಗೊತ್ತಿರಲಿಲ್ಲ. ಇದರಲ್ಲಿ ಅವನ ತಪ್ಪು ಎಷ್ಟು, ತೋರಿಸುವವರ ತಪ್ಪು ಎಷ್ಟು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಆಮೇಲಿನ ಕೆಲವು ತಿಂಗಳು ನಾನೂ ಈ ಬಗೆಯ ವಿಡಿಯೋಗಳನ್ನು ತಾಳ್ಮೆಯಿಂದ ನೋಡಿದೆ. ಮನೆ, ಪ್ರವಾಸ, ಶಾಸ್ತ್ರೀಯ ಸಂಗೀತ, ಜಗತ್ತಿನ ವಿದ್ಯಮಾನ ಈ ನಾಲ್ಕು ಬಗೆಯವೇ ಹೆಚ್ಚಾಗಿ ನಮ್ಮ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಸ್ವಲ್ಪ ಓದಿದ ಜನ ಬಿಡುವಿನಲ್ಲಿ ನೋಡುವಂಥವು. ಸಿನಿಮಾ, ರಾಜಕೀಯದ ಬೈದಾಟ ನೋಡುವವರಿಗಿಂತ ತಾವು ಒಂದು ಮೆಟ್ಟಿಲು ಮೇಲೆ ಎಂಬ ಸಣ್ಣ ಹೆಮ್ಮೆಯೂ ಇವರಿಗಿದೆ. ನನಗೂ ಇತ್ತು.

ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಗಂಗೂಬಾಯಿ ಚಿಕ್ಕವರಿದ್ದಾಗ ಗ್ರಾಮೊಫೋನಿನ ಸದ್ದು ಕೇಳಿದರೆ ಬೀದಿಗೆ ಓಡಿಹೋಗಿ ನಿಂತು ಕೇಳುತ್ತಿದ್ದರಂತೆ. ಆ ಕಾಲಕ್ಕೆ ಗ್ರಾಮೊಫೋನೂ ಹೊಸ ಯಂತ್ರವೇ. ಸಂಗೀತವನ್ನು ಅಂಗಡಿಯ ಸರಕು ಮಾಡಿತು ಎಂದು ಬೈಸಿಕೊಂಡದ್ದೇ. ಮುಂದೆ ಅವರದೇ ತಟ್ಟೆಗಳು ಅದೇ ಯಂತ್ರದ ಮೇಲೆ ತಿರುಗಿದವು. ಅವರ ಗುರುವಿನ ಗುರು ಉಸ್ತಾದ್ ಅಬ್ದುಲ್ ಕರೀಂ ಖಾನರು ಮೂರು ನಿಮಿಷದ ತಟ್ಟೆಗೆ ರಾಗ ಹಿಡಿಸಿದವರು. ಆ ತಟ್ಟೆಗಳಿಗಾಗಿ ಹಿಂದಿನವರು ಪುಣೆ ಮುಂಬಯಿಯ ಗುಜರಿ ಅಂಗಡಿ ಹುಡುಕಬೇಕಿತ್ತು, ಇಲ್ಲವೇ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯವರು ಯಾವಾಗ ಹಾಕುತ್ತಾರೋ ಎಂದು ಕಾದು ಕೂರಬೇಕಿತ್ತು. ಇಂದು ಹಿರೇಕೆರೂರಿನ ಹಳ್ಳಿಯಲ್ಲಿ ಜೋಳ ಕಾಯುತ್ತ ಮಲಗಿದವನು ನಡುರಾತ್ರಿಯಲ್ಲಿ ಖಾನ್ ಸಾಹೇಬರ ಭೈರವಿ ಕೇಳಬಹುದು. ಇದು ಸಣ್ಣ ಮಾತಲ್ಲ. ಈ ಸಂಗ್ರಹವನ್ನು ಜೋಡಿಸಿದವರಲ್ಲಿ ಪ್ರಸಾರ ಭಾರತಿಯಂಥ ಸಂಸ್ಥೆಗಳಿವೆ. ಹೆಸರು ಹೇಳಿಕೊಳ್ಳದ ಎಷ್ಟೋ ರಸಿಕರು ತಮ್ಮ ಮನೆಯ ಕ್ಯಾಸೆಟ್ಟುಗಳನ್ನು ಏರಿಸಿದ್ದಾರೆ. ಅವರಿಗೆ ಸಲಾಮು ಹೇಳಿಯೇ ಮುಂದಿನ ಮಾತು.

ಮುಂದಿನ ಮಾತು ಏನೆಂದರೆ, ಹಾಡು ಬಂದರೂ ಹಾಡಿನ ಮನೆ ಬರುವುದಿಲ್ಲ. ವಿಡಿಯೋದ ಚಿತ್ರದಲ್ಲಿ ಜಲಪಾತವಿರುತ್ತದೆ, ಕಮಲವಿರುತ್ತದೆ, ಕಣ್ಣುಮುಚ್ಚಿ ಕುಳಿತ ಯೋಗಿಯ ನೆರಳಿರುತ್ತದೆ. ನಿದ್ದೆಗೆ ಒಂದು ರಾಗ, ತಲೆನೋವಿಗೆ ಒಂದು, ಪರೀಕ್ಷೆಗೆ ಓದಲು ಇನ್ನೊಂದು ಎಂದು ಔಷಧಿ ಅಂಗಡಿಯ ಹಾಗೆ ಚೀಟಿ ಅಂಟಿಸಿರುತ್ತಾರೆ. ತಬಲಾ ಯಾರದು, ಸಾರಂಗಿ ಯಾರದು, ಎಂದಿನ ಕಛೇರಿ, ಯಾವ ಊರು ಎಂಬುದು ಎಷ್ಟೋ ಕಡೆ ಇರುವುದೇ ಇಲ್ಲ. ಹೀಗೆ ಹೆಸರು ಅಳಿಸಿದ ಮೇಲೆ ಸಂಗೀತ ದೈವಿಕವಾಗಿಬಿಡುತ್ತದೆ. ಅದನ್ನು ಕಟ್ಟಿದ ಮನುಷ್ಯರು ಮಾಯವಾಗುತ್ತಾರೆ. ಆದರೆ ನಮ್ಮ ಕಡೆಯ ಸಂಗೀತದ ಕಥೆ ಇರುವುದೇ ಆ ಮನುಷ್ಯರ ಓಡಾಟದಲ್ಲಿ. ಉತ್ತರ ಪ್ರದೇಶದ ಕೈರಾನಾದ ಮುಸಲ್ಮಾನ ಉಸ್ತಾದರು ಈ ಸೀಮೆಗೆ ಬಂದು ಕುಂದಗೋಳದ ಬ್ರಾಹ್ಮಣ ಹುಡುಗ ರಾಮಭಾವುಗೆ ಕಲಿಸಿದರು. ಅವರು ಸವಾಯಿ ಗಂಧರ್ವರಾದರು. ಅವರ ಬಳಿ ಕಲಿಯಲು ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದರು. ಹಾಡುವ ಹೆಂಗಸರನ್ನು ಹಗುರವಾಗಿ ಕಾಣುತ್ತಿದ್ದ ಕಾಲ, ದಾರಿಯಲ್ಲಿ ಚುಚ್ಚುಮಾತು ಕೇಳಿಕೊಂಡೇ ಓಡಾಡಿದರು. ಗುರು ಕೊಟ್ಟದ್ದು ರಾಶಿ ರಾಗಗಳನ್ನಲ್ಲ. ಕೆಲವೇ ರಾಗ, ಒಂದೊಂದನ್ನೂ ತಿಂಗಳುಗಟ್ಟಲೆ. ಖಾನ್ ಸಾಹೇಬರು 1937ರಲ್ಲಿ ಮದ್ರಾಸಿನ ಕಡೆ ಪ್ರವಾಸದಲ್ಲಿದ್ದಾಗ ದಾರಿಯ ಸಣ್ಣ ರೈಲು ನಿಲ್ದಾಣವೊಂದರಲ್ಲಿ ಇಳಿದು ಅಲ್ಲಿಯೇ ಪ್ರಾಣ ಬಿಟ್ಟರು. ಅವರ ಸಮಾಧಿ ಮಿರಜಿನ ದರ್ಗಾದ ಆವರಣದಲ್ಲಿದೆ. ಗುರುವೂ ಶಿಷ್ಯೆಯೂ ರೈಲಿನ ಜನ. ಈ ರೈಲು, ಈ ಪ್ಲಾಟ್‌ಫಾರ್ಮು, ಈ ಚುಚ್ಚುಮಾತು ಯಾವುದೂ ಜಲಪಾತದ ಚಿತ್ರದಲ್ಲಿಲ್ಲ.

ಹಾನಗಲ್ಲಿಗೆ ಇನ್ನೊಂದು ಕವಲೂ ಇದೆ. ಈ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕುರುಡು ಹುಡುಗನಿಗೆ ಹಾನಗಲ್ಲಿನ ಕುಮಾರ ಸ್ವಾಮಿಗಳು ಆಸರೆಯಾಗಿ ಸಂಗೀತ ಕಲಿಸಿದರು. ಅವನೇ ಪಂಚಾಕ್ಷರಿ ಗವಾಯಿ. ಅವರ ಕೈಹಿಡಿದು ಬೆಳೆದ ಪುಟ್ಟರಾಜ ಗವಾಯಿಗಳೂ ಇದೇ ತಾಲೂಕಿನವರು. 2010ರಲ್ಲಿ ತೀರಿಕೊಳ್ಳುವವರೆಗೂ ಗದುಗಿನ ಪುಣ್ಯಾಶ್ರಮದಲ್ಲಿ ಕುರುಡರಿಗೆ, ಬಡವರಿಗೆ ಅನ್ನ ಹಾಕಿ ಸ್ವರ ಕಲಿಸಿದರು. ಬಸವರಾಜ ರಾಜಗುರುಗಳು ಪಂಚಾಕ್ಷರಿಗಳ ಶಿಷ್ಯರು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನ್, ಬುರ್ಜಿಖಾನರಲ್ಲಿ ಕಲಿತವರು. ಮಠವೂ ಖಾನರೂ ಇಷ್ಟು ಹತ್ತಿರ ಬಂದ ಸೀಮೆ ಇದು. ಅದನ್ನು ಸೌಹಾರ್ದದ ಭಾಷಣ ಮಾಡಿ ಹೇಳಬೇಕಾಗಿಲ್ಲ. ಹಾಡಿದವರ, ನುಡಿಸಿದವರ, ಕಲಿಸಿದವರ ಹೆಸರನ್ನು ವಿಡಿಯೋದ ಕೆಳಗೆ ಸರಿಯಾಗಿ ಬರೆದರೆ ಸಾಕು.

ಇನ್ನೊಂದು ತೊಂದರೆ ವೇಗದ್ದು. ಈಚೆಗೆ ಅರ್ಧ ನಿಮಿಷದ ತುಣುಕುಗಳೇ ಹೆಚ್ಚು ಓಡುತ್ತವೆ. ಅವುಗಳಿಗೆ ಬೇಕಾದ್ದು ಮಿಂಚುವ ತಾನು, ಕೈ ಎತ್ತಿದ ಭಂಗಿ, ಸಭಿಕರ 'ವಾಹ್'. ಬೇರೆ ಘರಾಣೆಗಳಿಗೆ ಇದರಿಂದ ಎಷ್ಟು ಪೆಟ್ಟೋ ಹೇಳಲಾರೆ. ಕಿರಾಣಾಕ್ಕಂತೂ ಇದು ಉಸಿರು ಕಟ್ಟಿಸುವ ಕೆಲಸ. ಒಂದೊಂದು ಸ್ವರದ ಹತ್ತಿರ ನಿಂತು, ಅದರ ಸುತ್ತ ತಿರುಗಿ, ಮುಂದಿನದಕ್ಕೆ ಹೋಗಲೋ ಬೇಡವೋ ಎಂದು ತಡೆದು, ಕೊನೆಗೆ ಮೆಲ್ಲನೆ ಮುಟ್ಟುವುದೇ ಅದರ ಸೊಗಸು. ಆ ನಿಧಾನವನ್ನು ಕತ್ತರಿಸಿ ತಾನನ್ನು ಮಾತ್ರ ಉಳಿಸುವುದೆಂದರೆ ಸಾರು ಚೆಲ್ಲಿ ಒಗ್ಗರಣೆ ಬಡಿಸಿದಂತೆ. ಗಂಟಲಿನ ಚಿಕಿತ್ಸೆಯ ಆನಂತರ ಗಂಗೂಬಾಯಿಯವರ ಧ್ವನಿ ದಪ್ಪವಾಯಿತು. ಆ ಧ್ವನಿಯನ್ನೇ ಒಪ್ಪಿಕೊಂಡು, ಅದರ ಭಾರಕ್ಕೆ ತಕ್ಕ ಗಾಂಭೀರ್ಯ ಕಟ್ಟಲು ಅವರಿಗೆ ವರ್ಷಗಳು ಹಿಡಿದವು. ಅರ್ಧ ನಿಮಿಷದಲ್ಲಿ ನಮ್ಮ ಗ್ಯಾರೇಜಿನ ಹುಡುಗನಿಗೆ ಆದಂತೆ ಗಂಡೋ ಹೆಣ್ಣೋ ಎಂಬ ಬೆರಗು ಮಾತ್ರ ಸಿಗುತ್ತದೆ.

ಈಗ ಮನೆಗಳ ವಿಡಿಯೋ. ಈ ಬಗೆಯಲ್ಲಿ ಚೆನ್ನಾಗಿ ಮಾಡುವವರಿಲ್ಲ ಎಂದಲ್ಲ. ಗೋಡೆಗೆ ಯಾವ ಕಲ್ಲು, ಗಾಳಿ ಯಾವ ದಿಕ್ಕಿನಿಂದ, ಖರ್ಚೆಷ್ಟು ಎಂದು ವಾಸ್ತುಶಿಲ್ಪಿಯ ಬಾಯಿಂದಲೇ ಹೇಳಿಸುವ ಕೆಲವರು ನಿಜಕ್ಕೂ ಕಲಿಸುತ್ತಾರೆ. ಆದರೆ ಹೆಚ್ಚಿನವುಗಳ ರೀತಿ ಒಂದೇ. ಮೊದಲು ಡ್ರೋನು ಆಕಾಶದಿಂದ ಛಾವಣಿ ತೋರಿಸುತ್ತದೆ. ಗೇಟು ತಾನಾಗಿ ತೆರೆಯುತ್ತದೆ. ಯಾರೂ ಕೂರದ ಸೋಫಾ, ಒಗ್ಗರಣೆಯ ಕಲೆಯಿಲ್ಲದ ಅಡಿಗೆಮನೆ, ಗಾಜಿನ ಬಚ್ಚಲು. ಮನೆಯಲ್ಲಿ ಮುದುಕರಿಲ್ಲ, ನೆಂಟರಿಲ್ಲ, ಕಸ ಗುಡಿಸುವವಳಿಲ್ಲ. ಮನೆ ಕಟ್ಟಿದ ಗೌಂಡಿಯ ಮುಖವಂತೂ ಒಂದರಲ್ಲೂ ಕಾಣಲಿಲ್ಲ.

ನಮ್ಮಲ್ಲಿ ಪರಮನೆಯ ಬಾಗಿಲಿಗೆ ಹೋದವರು ಹೊರಗೆ ನಿಂತು 'ಯಾರದೀರಿ ಒಳಗ' ಎಂದು ಕೂಗುವುದು ರೂಢಿ. ಮುಸಲ್ಮಾನರ ಮನೆಯಾದರೆ ಸಲಾಂ ಹೇಳಿ ಕಾಯಬೇಕು. ಮೂರು ಸಲಕ್ಕೂ ಉತ್ತರ ಬರದಿದ್ದರೆ ಬೇಸರಪಡದೆ ಹಿಂತಿರುಗಬೇಕೆಂದು ಹದೀಸಿನಲ್ಲಿ ಹೇಳಿದೆ. ಕ್ಯಾಮೆರಾಕ್ಕೆ ಈ ಅದಬು ಇಲ್ಲ. ಅದು ಮಲಗುವ ಕೋಣೆಯ ಕಪಾಟನ್ನೂ ತೆಗೆದು ತೋರಿಸುತ್ತದೆ. ಒಡೆಯರು ಒಪ್ಪಿಯೇ ತೋರಿಸುತ್ತಾರೆ, ನಿಜ. ಆದರೆ ನೋಡುವ ಕಣ್ಣಿಗೆ ಒಂದು ಅಭ್ಯಾಸವಾಗುತ್ತದೆ: ಮನೆ ಎಂದರೆ ಹೊರಗಿನವರು ನೋಡಲು ಇರುವುದು ಎಂಬ ಅಭ್ಯಾಸ. ಶಿಗ್ಗಾಂವಿಯ ಗೌಂಡಿಯೊಬ್ಬರು ನನಗೆ ಹೇಳಿದ್ದು ಇದನ್ನೇ. 'ಮೊದಲ ಮಂದಿ ಬಂದು ಎಷ್ಟು ಖೋಲಿ, ದನಕ್ಕ ಎಲ್ಲಿ ಜಾಗಾ, ಕಾಳು ಎಲ್ಲಿ ಇಡೋಣು ಅಂತ ಕೇಳತಿದ್ರು. ಈಗ ಮೊಬೈಲ್ ಹಿಡಕೊಂಡ ಬಂದು ಎಲಿವೇಶನ್ ಹಿಂಗ ಬೇಕ್ರಿ ಅಂತಾರ. ಪಶ್ಚಿಮಕ್ಕ ಗಾಜು ಹಾಕಿದ್ರ ಬ್ಯಾಸಿಗ್ಯಾಗ ಬೇಯತೀರಿ ಅಂದ್ರ ಕೇಳಾಂಗಿಲ್ಲ.'

ಸವಣೂರು, ಶಿಗ್ಗಾಂವಿಯ ಎರೆಮಣ್ಣಿನ ಕಡೆ ಮಣ್ಣಿನ ಮಾಳಿಗೆಯ ಮನೆಗಳು. ಹಾನಗಲ್ಲು, ಹಿರೇಕೆರೂರಿನ ಅರೆಮಲೆನಾಡಿನ ಕಡೆ ಇಳಿಜಾರಿನ ಹಂಚಿನ ಮನೆಗಳು. ನಾನು ಬೆಳೆದ ಸವಣೂರಿನ ಮನೆಗೆ ಎರಡಡಿಗೂ ಮಿಕ್ಕಿದ ಮಣ್ಣಿನ ಗೋಡೆ, ತೊಲೆ, ಜಂತಿ, ಮೇಲೆ ಸವಳು ಮಣ್ಣಿನ ಹೊದಿಕೆ. ಮಳೆಗಾಲಕ್ಕೆ ಮೊದಲು ಅಬ್ಬಾ ಮತ್ತು ಚಿಕ್ಕಪ್ಪಂದಿರು ಮಾಳಿಗೆ ಹತ್ತಿ ಹೊಸ ಮಣ್ಣು ಹಾಸಿ ತುಳಿಯುತ್ತಿದ್ದರು. ಪಡಸಾಲೆಯ ನಡುವೆ ಬೆಳಕಿಂಡಿ. ಅದರಿಂದ ಇಳಿಯುವ ಬಿಸಿಲಿನ ಚೌಕ ನೆಲದ ಮೇಲೆ ಎಲ್ಲಿಗೆ ಬಂತೆಂದು ನೋಡಿ ಅಮ್ಮಾ ಜುಹರ್ ನಮಾಜಿನ ಹೊತ್ತು ಅಂದಾಜು ಮಾಡುತ್ತಿದ್ದಳು. ಮೊನ್ನೆ ಒಂದು ವಿಡಿಯೋದಲ್ಲಿ ಇಂಥದೇ ಬೆಳಕಿಂಡಿಯನ್ನು 'ಸ್ಕೈಲೈಟ್' ಎಂದು ಹೊಸದಾಗಿ ಕಂಡುಹಿಡಿದವರ ಹಾಗೆ ತೋರಿಸಿದರು. ನಗು ಬಂತು, ಸ್ವಲ್ಪ ಸಿಟ್ಟೂ ಬಂತು.

ಸಿಟ್ಟಿಗೆ ಕಾರಣ ಬರೀ ಹೆಸರಲ್ಲ. ನಗರದ ಹೊರವಲಯದಲ್ಲಿ ಉಳ್ಳವರು ಕಟ್ಟಿಸುವ ಮಣ್ಣಿನ ಮನೆಯನ್ನು ಈ ವಿಡಿಯೋಗಳು ಪ್ರಕೃತಿಪ್ರೇಮವೆಂದು ಕೊಂಡಾಡುತ್ತವೆ. ಅದೇ ಮಣ್ಣು ನಮ್ಮ ಹಳ್ಳಿಗಳಲ್ಲಿ ಜೀವ ತೆಗೆಯುತ್ತದೆ. 2024ರ ಜುಲೈನಲ್ಲಿ ಸವಣೂರು ತಾಲೂಕಿನ ಮಾದಾಪುರದಲ್ಲಿ ಮಳೆಗೆ ನೆನೆದ ಮನೆ ಕುಸಿದು ಅವಳಿ ಕೂಸುಗಳೂ ಸೇರಿ ಮೂವರು ಸತ್ತರು. ಮಣ್ಣು ಕೆಟ್ಟದ್ದೆಂದಲ್ಲ. ಮಣ್ಣಿನ ಗೋಡೆಗೆ ಮೇಲೆ ಮುಂಚಾಚಿದ ಮಾಡು ಬೇಕು, ಬುಡ ಒಣಗಿರಬೇಕು, ವರ್ಷಕ್ಕೊಮ್ಮೆ ಕೈಯಾಡಿಸುವ ಜನ ಬೇಕು. ಇಂದು ಏನಾಗಿದೆ? ಮನೆಮುಂದಿನ ರಸ್ತೆಗೆ ಕಾಂಕ್ರೀಟಿನ ಮೇಲೆ ಕಾಂಕ್ರೀಟು ಸುರಿದು ಎತ್ತರಿಸಿದ್ದಾರೆ. ಮನೆಯ ನೆಲ ರಸ್ತೆಗಿಂತ ಕೆಳಗಿಳಿದು ನೀರು ಗೋಡೆಯ ಬುಡದಲ್ಲಿ ನಿಲ್ಲುತ್ತದೆ. ಚಂದ ಕಾಣಲೆಂದು ಮಣ್ಣಿನ ಗೋಡೆಗೆ ಸಿಮೆಂಟು ಸಾರಿಸುತ್ತಾರೆ. ಒಳಗೆ ಸೇರಿದ ತೇವ ಹೊರಬರಲಾಗದೆ ಗೋಡೆ ಒಳಗಿಂದೊಳಗೆ ಪುಡಿಯಾಗುತ್ತದೆ. ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅಡಿಪಾಯವೇ ಅಲುಗುತ್ತದೆ. ಮಾಳಿಗೆ ತುಳಿಯುತ್ತಿದ್ದ ಗಂಡಸರು ದುಡಿಯಲು ಹುಬ್ಬಳ್ಳಿಗೋ ಗೋವಾಕ್ಕೋ ಹೋಗಿದ್ದಾರೆ. ಇಂಥ ಒಂದು ಗೋಡೆಯ ಮುಂದೆ ನಿಂತು, ಇದು ಯಾಕೆ ಬೀಳುತ್ತದೆ, ಈ ವರ್ಷ ಬೀಳದಂತೆ ಐದು ಸಾವಿರ ರೂಪಾಯಿಯಲ್ಲಿ ಏನು ಮಾಡಬಹುದು ಎಂದು ಗೌಂಡಿಯೊಬ್ಬರಿಂದ ಹೇಳಿಸುವ ಹತ್ತು ನಿಮಿಷದ ಕನ್ನಡ ವಿಡಿಯೋಕ್ಕಾಗಿ ನಾನು ಬಹಳ ಹುಡುಕಿದೆ. ಸಿಗಲಿಲ್ಲ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸರಕಾರ ಐದು ಲಕ್ಷ ರೂಪಾಯಿ ಘೋಷಿಸಿತು. ಆ ಐದು ಲಕ್ಷದಲ್ಲಿ ಬಾಳಬಲ್ಲ ಮನೆ ಹೇಗೆ ಕಟ್ಟಬಹುದೆಂಬ ವಿಡಿಯೋಗಿಂತ ಐದು ಕೋಟಿಯ ಮನೆಯ ವಿಡಿಯೋ ಸುಲಭವಾಗಿ ಸಿಗುತ್ತದೆ.

ಸವಣೂರಿನಲ್ಲಿ ಮನೆಯ ವಿಷಯಕ್ಕೆ ಇನ್ನೊಂದು ನೆನಪಿದೆ. 2010ರ ಜುಲೈನಲ್ಲಿ ಮಲ ಹೊರುವ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಗೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ತಲೆಮಾರಿನಿಂದ ತಾವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸಿ ಅಲ್ಲಿ ವಾಣಿಜ್ಯ ಮಳಿಗೆ ಕಟ್ಟಲು ಹೊರಟಿದ್ದಾರೆಂಬುದು ಅವರ ಅಳಲು. ಅವರೂ ಕೇಳಿದ್ದು ಮನೆಯನ್ನೇ. ಆ ಚಿತ್ರ ಟೀವಿಯಲ್ಲಿ ಬಂದಾಗ ನಾಡೆಲ್ಲ ಬೆಚ್ಚಿತು, ಆಮೇಲೆ ಮರೆಯಿತು. ಗಾಜಿನ ಬಚ್ಚಲು ತೋರಿಸುವ ಪ್ರತಿ ವಿಡಿಯೋ ನೋಡುವಾಗಲೂ ನನಗೆ ಅದು ನೆನಪಾಗುತ್ತದೆ. ನನ್ನ ಹೆಂಡತಿ, 'ನೀವು ಯಾವುದನ್ನೂ ನೆಟ್ಟಗ ನೋಡಾಕ ಬಿಡೂದಿಲ್ಲ' ಎನ್ನುತ್ತಾಳೆ. ಇರಲಿ. ಸೋರುವ ಮಾಳಿಗೆಯ ಮೇಲೆ ಪದ ಕಟ್ಟಿದ ಶರೀಫ ಸಾಹೇಬರ ಶಿಶುನಾಳ ಇರುವುದು ಇದೇ ಶಿಗ್ಗಾಂವಿ ತಾಲೂಕಿನಲ್ಲಿ. ಅವರ ಪದಕ್ಕೆ ಅಧ್ಯಾತ್ಮದ ಅರ್ಥ ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ಮಾಳಿಗೆ ನಿಜವಾಗಿಯೂ ಸೋರುತ್ತಿತ್ತು ಎಂಬುದು ಮಾತ್ರ ಯಾರಿಗೂ ಹೊಳೆದಂತಿಲ್ಲ.

ಪ್ರವಾಸದ ವಿಡಿಯೋಗಳ ಬಗ್ಗೆ ನನಗೆ ಇಷ್ಟು ತಕರಾರಿಲ್ಲ. ಡಾಕ್ಟರ್ ಬ್ರೋ ಎಂದು ಹೆಸರಾದ ಗಗನ್ ಶ್ರೀನಿವಾಸ್ 'ನಮಸ್ಕಾರ ದೇವ್ರು' ಎನ್ನುತ್ತ ಅಫಘಾನಿಸ್ತಾನದ ಪೇಟೆಯಲ್ಲಿ ನಡೆದದ್ದನ್ನು ನಮ್ಮ ಊರುಗಳಲ್ಲಿ ನೋಡದವರು ಕಡಿಮೆ. ಆತ ಕಡಿಮೆ ಖರ್ಚಿನಲ್ಲಿ ತಿರುಗುತ್ತಾನೆ, ಅಂಗಡಿಯವರೊಡನೆ ಕನ್ನಡದಲ್ಲೇ ಮಾತಿಗಿಳಿಯುತ್ತಾನೆ, ಅವರ ಬಾಯಲ್ಲಿ ಕನ್ನಡ ಪದ ಹೇಳಿಸಿ ನಗಿಸುತ್ತಾನೆ. ಟೀವಿ ಚಾನೆಲ್ಲುಗಳು ವರ್ಷಗಟ್ಟಲೆ ಬಂದೂಕಿನ ಜೊತೆಗೇ ತೋರಿಸಿದ ಮುಖಗಳನ್ನು ಆತ ಚಹಾದ ಲೋಟದ ಜೊತೆ ತೋರಿಸಿದ. ಇದು ದೊಡ್ಡ ಉಪಕಾರ. ಒಂದು ಮಿತಿಯೂ ಇದೆ: ಅಲ್ಲಿ ಹೆಣ್ಣುಮಕ್ಕಳ ಶಾಲೆ ಮುಚ್ಚಿರುವಂಥ ಕಹಿ ಸಂಗತಿಗಳು ಚಹಾದ ಸಿಹಿಯಲ್ಲಿ ಕರಗಿಹೋಗಬಹುದು. ಹದಿನಾಲ್ಕನೇ ಶತಮಾನದ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೆ ಬಂದಾಗ ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ಎಣಿಸಿ ಬರೆದ. ಊಟದ ರುಚಿಯನ್ನೂ ಬರೆದ, ಶಾಲೆಯನ್ನೂ ಎಣಿಸಿದ. ಪ್ರವಾಸಿಯ ಕಣ್ಣಿಗೆ ಅಷ್ಟು ಅಗಲ ಬೇಕು.

ಇನ್ನು ನಮ್ಮೂರುಗಳಿಗೇ ಬಂದು ಹೋಗುವ ಸಣ್ಣ ಪ್ರವಾಸಿಗರ ವಿಡಿಯೋಗಳು. ಹಾನಗಲ್ಲಿನ ತಾರಕೇಶ್ವರ ಗುಡಿಯ ಛತ್ತಿನ ಕಮಲ, ಬಂಕಾಪುರದ ಕೋಟೆಯ ನಗರೇಶ್ವರ ಗುಡಿಯ ಕಂಬಗಳು, ಹಿರೇಕೆರೂರಿನ ದುರ್ಗಾದೇವಿ ಕೆರೆ, ಮಾಸೂರಿನ ಮದಗದ ಕೆರೆ ಎಲ್ಲವನ್ನೂ ಡ್ರೋನು ಮೇಲಿನಿಂದ ಸುತ್ತುತ್ತದೆ. ಹಿನ್ನೆಲೆಗೆ ಯುದ್ಧದ ಸಿನಿಮಾದ ನಗಾರಿ. ಕೆರೆಯ ನೀರು ಯಾರ ಹೊಲಕ್ಕೆ ಹೋಗುತ್ತದೆ ಎಂದು ಕೇಳಲು ಡ್ರೋನಿಗೆ ಬಾಯಿಲ್ಲ. ಸವಣೂರೆಂದರೆ ಖಾರಾ ಮತ್ತು ಕಲ್ಮಠದ ದೊಡ್ಡಹುಣಸೆ ಮರಗಳು. ಮರದ ವಯಸ್ಸು ವಿಡಿಯೋದಿಂದ ವಿಡಿಯೋಗೆ ಸಾವಿರದ ಲೆಕ್ಕದಲ್ಲಿ ಏರುತ್ತ ಹೋಗುತ್ತದೆ. ಆ ಮರ ಆಫ್ರಿಕದ್ದು. ಅರಬ್ಬರೋ ಹಬಸಿಗಳೋ ಇನ್ನಾವ ಕಡಲ ವ್ಯಾಪಾರಿಗಳೋ ತಂದ ಬೀಜದಿಂದ ಈ ದೇಶದಲ್ಲಿ ಬೇರೂರಿರಬೇಕೆಂದು ಸಸ್ಯ ಬಲ್ಲವರು ಹೇಳುತ್ತಾರೆ. ಆಫ್ರಿಕದ ಮರವೊಂದು ನವಾಬರ ಊರಿನ ಲಿಂಗಾಯತ ಮಠದ ಅಂಗಳದಲ್ಲಿ ಹುಣಸೆ ಎಂಬ ಹೆಸರು ಪಡೆದು ನಿಂತದ್ದೇ ಎಂಥ ಪ್ರವಾಸಕಥೆ! ವಯಸ್ಸಿನ ಅಂಕಿ ಕೂಗುವ ಭರದಲ್ಲಿ ಅದು ಯಾರಿಗೂ ಕಾಣುವುದಿಲ್ಲ. ನವಾಬರ ಊರಿನಲ್ಲೇ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ವೃಂದಾವನವಿದೆ. 1909ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹಡಗು ಹತ್ತಿದರು. 'ಸಮುದ್ರ ಗೀತೆಗಳು' ಆ ಪ್ರಯಾಣದ ಫಲ. ಖಾರಾ ತಿನ್ನುತ್ತ ಇಷ್ಟನ್ನು ಹೇಳಬಹುದಿತ್ತು.

ಅಂದು ಗ್ಯಾರೇಜಿನಲ್ಲಿ ಕಾಬೂಲಿನ ವಿಡಿಯೋ ಓಡುವಾಗ ಹುಡುಗ ಹೇಳಿದ: 'ನೋಡ್ರಿ ಸಾಹೇಬ್ರ, ಗುರ್ತಿಲ್ಲ ಪರಿಚಯಿಲ್ಲ, ಚಹಾ ಕುಡಿಸ್ತಾರ, ರೊಕ್ಕಾ ತಗೊಳಾಂಗಿಲ್ಲ. ಭಾಳ ಚಲೋ ಮಂದಿ.' ಅವನ ಕಣ್ಣಲ್ಲಿ ನಿಜವಾದ ಅಚ್ಚರಿಯಿತ್ತು. ನಾನು ಕೇಳಿದೆ, 'ನೀನು ಯಾರಾದರೂ ಸಾಬರ ಮನ್ಯಾಗ ಚಹಾ ಕುಡದೀಯೇನು?' ಅವನು ಯೋಚಿಸಿದ. ಈದಿಗೆ ಗೆಳೆಯನೊಬ್ಬ ಡಬ್ಬಿಯಲ್ಲಿ ಸುರಕುಂಬಾ ತಂದುಕೊಟ್ಟದ್ದುಂಟು. ಒಳಗೆ ಹೋಗಿ ಕುಳಿತದ್ದಿಲ್ಲ. ಐದು ವರ್ಷದಿಂದ ನನ್ನ ಸ್ಕೂಟರು ರಿಪೇರಿ ಮಾಡಿ ಮನೆಯವರೆಗೆ ತಂದು ಕೊಡುತ್ತಾನೆ. ಗೇಟಿನ ಹತ್ತಿರ ಕೀಲಿ ಕೊಟ್ಟು ಹೋಗುತ್ತಾನೆ. ಒಳಗೆ ಬಾ ಎಂದು ನಾನೂ ಕರೆದಿಲ್ಲ. ಅವನಿಗೆ ಉತ್ತರ ಹುಡುಕಲು ಹಚ್ಚಿದ ಪ್ರಶ್ನೆ ತಿರುಗಿ ನನಗೇ ಬಂದು ಬಡಿಯಿತು.

ಜಗತ್ತಿನ ವಿದ್ಯಮಾನ ವಿವರಿಸುವವರ ವಿಷಯ ಇದಕ್ಕಿಂತ ಗಂಭೀರ. ಕನ್ನಡದಲ್ಲಿ ಇಂಥ ವಿಡಿಯೋ ಮಾಡುವವರು ಈಗ ಬಹಳ. ಚುರುಕಾದ ಮಾತು, ನಕಾಶೆ, ಇಂಗ್ಲಿಷ್ ಪತ್ರಿಕೆ ಓದಲಾರದವರಿಗೂ ವಿಷಯ ಮುಟ್ಟಿಸುವ ಹುಮ್ಮಸ್ಸು ಎಲ್ಲವೂ ಮೆಚ್ಚತಕ್ಕದ್ದೇ. ಆದರೆ ಶೀರ್ಷಿಕೆಯ ಕೊನೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಟ್ಟರೆ ಯಾವ ಸುಳ್ಳನ್ನೂ ಕೂಗಬಹುದೆಂಬ ಉಪಾಯ ಅವರು ಕಲಿತುಬಿಟ್ಟಿದ್ದಾರೆ. ಮೂರನೇ ಮಹಾಯುದ್ಧ ಅವರ ಲೆಕ್ಕದಲ್ಲಿ ತಿಂಗಳಿಗೆರಡು ಸಲ ಶುರುವಾಗುತ್ತದೆ. ದೇಶಗಳು ಕುಸ್ತಿಯ ಪೈಲ್ವಾನರಂತೆ ತೊಡೆ ತಟ್ಟುತ್ತವೆ. ಸಾಯುವವರು ಅಂಕಿಯಾಗಿ ಪಕ್ಕದಲ್ಲಿ ನಿಲ್ಲುತ್ತಾರೆ.

ಈ ಜಿಲ್ಲೆಗೆ ಅಂತರರಾಷ್ಟ್ರೀಯ ವಿದ್ಯಮಾನ ನಕಾಶೆಯಲ್ಲಿ ಬರಲಿಲ್ಲ, ಶವಪೆಟ್ಟಿಗೆಯಲ್ಲಿ ಬಂತು. ಪಕ್ಕದ ರಾಣೆಬೆನ್ನೂರು ತಾಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ, ತಿನ್ನಲು ಏನಾದರೂ ತರಲೆಂದು ಹೊರಗೆ ಹೋದವನು, ಶೆಲ್ ದಾಳಿಗೆ ಬಲಿಯಾದ. ದೇಹ ಊರಿಗೆ ಬರಲು ಸುಮಾರು ಮೂರು ವಾರ ಹಿಡಿಯಿತು. ಮನೆಯವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಪಿಯುಸಿಯಲ್ಲಿ ಅಷ್ಟು ಒಳ್ಳೆಯ ಅಂಕ ಬಂದರೂ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲವೆಂದು ತಂದೆ ಆಗ ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಆ ವಾರದ ಎಷ್ಟೋ ವಿಡಿಯೋಗಳನ್ನು ಈಗ ಮತ್ತೆ ನೋಡಿದೆ. ಟ್ಯಾಂಕುಗಳ ತೂಕ, ಕ್ಷಿಪಣಿಯ ದೂರ, ಪುಟಿನ್ ಮನಸ್ಸಿನಲ್ಲಿ ಏನಿದೆ ಎಂಬುದೆಲ್ಲ ಇದೆ. ಹಾವೇರಿ ಜಿಲ್ಲೆಯ ಹುಡುಗ ಡಾಕ್ಟರಾಗಲು ಖಾರ್ಕಿವ್‌ವರೆಗೆ ಯಾಕೆ ಹೋಗಬೇಕಾಯಿತು, ಇಲ್ಲಿಯ ಖಾಸಗಿ ಕಾಲೇಜಿನ ಶುಲ್ಕವೆಷ್ಟು, ಅಲ್ಲಿಯದೆಷ್ಟು ಎಂಬುದನ್ನು ಹೇಳಿದವರು ಬೆರಳೆಣಿಕೆಯಷ್ಟು. ಜಗತ್ತು ನಮ್ಮ ಬಾಗಿಲಿಗೆ ಬರುವ ದಾರಿ ಅದೇ ಆಗಿತ್ತು. ಬ್ಯಾಡಗಿಯಲ್ಲಿ 2024ರ ಮಾರ್ಚಿನಲ್ಲಿ ಮೆಣಸಿನಕಾಯಿಯ ಬೆಲೆ ಕುಸಿದಾಗ ಸಿಟ್ಟಿಗೆದ್ದ ರೈತರು ಮಾರುಕಟ್ಟೆ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟರು. ಮೆಣಸಿನಕಾಯಿಯೂ ಹೊರದೇಶಕ್ಕೆ ಹೋಗುವ ಸರಕು. ಅದರ ಬೆಲೆಯ ಹಿಂದೆ ಯಾವ ದೇಶದ ಬೇಡಿಕೆ, ಯಾರ ಶೀತಲಗೃಹ, ಯಾರ ದಲಾಲಿ ಇದೆ ಎಂದು ಬಿಡಿಸಿ ಹೇಳಿದರೆ ಅದೂ ಜಾಗತಿಕ ವಿದ್ಯಮಾನವೇ.

ನಮ್ಮವರ ಬಗ್ಗೆಯೂ ಒಂದು ಮಾತು ಆಡದಿದ್ದರೆ ಇದು ಏಕಪಕ್ಷೀಯವಾಗುತ್ತದೆ. 2023ರ ಅಕ್ಟೋಬರಿನ ನಂತರ ಗಾಜಾದ ಸಂಕಟ ನಮ್ಮ ಮನೆಗಳ ಊಟದ ತಟ್ಟೆಯ ಮುಂದೆ ಬಂದು ಕೂತಿತು. ಮಕ್ಕಳ ಶವ ನೋಡಿ ಅಳದವರಿಲ್ಲ. ಆ ದುಃಖ ನಿಜ, ಅದಕ್ಕೆ ಕಾರಣವಾದ ಕ್ರೌರ್ಯವೂ ನಿಜ. ಆದರೆ ಸಿರಿಯಾದ ಹಳೆಯ ದೃಶ್ಯಗಳನ್ನು ಗಾಜಾದವೆಂದು ಹಂಚಿದವರು ನಮ್ಮ ಗುಂಪುಗಳಲ್ಲೂ ಇದ್ದರು. ತಪ್ಪೆಂದು ತೋರಿಸಿದಾಗ, 'ಅಲ್ಲಿ ಅದಕ್ಕಿಂತ ಹೆಚ್ಚೇ ಆಗಿದೆಯಲ್ಲ' ಎಂದು ಜಾರಿಕೊಂಡರು. ಸುಳ್ಳು ಚಿತ್ರ ನಿಜವಾದ ಸಾವಿನ ಸಾಕ್ಷಿಯನ್ನು ಕೆಡಿಸುತ್ತದೆ. ನಾಳೆ ನಿಜವನ್ನು ತೋರಿಸಿದರೂ ಜನ ಅನುಮಾನಿಸುತ್ತಾರೆ. ಅದೇ ವರ್ಷದ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾಗಿ ಲಕ್ಷಾಂತರ ಜನ, ಬಹುಪಾಲು ಮುಸಲ್ಮಾನರೇ, ಮನೆ ಬಿಟ್ಟು ಓಡಿದರು. ಕೊಲ್ಲುವವರೂ ಸಾಯುವವರೂ ಒಂದೇ ಕಲಿಮಾ ಹೇಳುವ ಆ ಯುದ್ಧದ ಒಂದು ವಿಡಿಯೋವನ್ನೂ ನಮ್ಮ ಗುಂಪಿನಲ್ಲಿ ಯಾರೂ ಹಾಕಲಿಲ್ಲ. ನಾನೂ ಹಾಕಲಿಲ್ಲ.

ಆ ಮಳೆಗಾಲ ಕಳೆದ ಮೇಲೆ ಒಂದು ಶುಕ್ರವಾರ ಸವಣೂರಿನ ಹಳೆಯ ಮನೆಗೆ ಹೋಗುವುದಿತ್ತು. ಅಲ್ಲೀಗ ನನ್ನ ಆಪಾ ಒಬ್ಬಳೇ ಇದ್ದಾಳೆ. ಸ್ಕೂಟರು ಅಷ್ಟು ದೂರ ಹೋಗುತ್ತದೋ ಇಲ್ಲವೋ ಎಂಬ ನೆಪ ಮಾಡಿ ಗ್ಯಾರೇಜಿನ ಹುಡುಗನನ್ನು ಅವನ ಬೈಕಿನ ಮೇಲೆ ಕರೆದುಕೊಂಡು ಹೋದೆ. ಅವನು ಹೊರಗೇ ಬೈಕು ಒರೆಸುತ್ತ ನಿಂತ. ಆಪಾ ಒಳಗಿಂದಲೇ ಗದರಿದಳು: 'ಯಾರಪಾ ಅವ, ಹೊರಗ ಯಾಕ ನಿಂತಾನ? ಬಾರೋ ತಮ್ಮಾ, ಚಹಾ ಆರತೈತಿ.' ಪಡಸಾಲೆಯಲ್ಲಿ ಕುಳಿತವನು ಮೇಲೆ ನೋಡಿ, 'ಸಾಹೇಬ್ರ, ಇದು ಆ ವಿಡಿಯೋದಾಗಿನ ಸ್ಕೈಲೈಟ್ ಅಲ್ಲೇನ್ರಿ' ಎಂದ. ಬೆಳಕಿಂಡಿಗೆ ಈಗ ಪ್ಲಾಸ್ಟಿಕ್ಕಿನ ಹಾಳೆ ಮುಚ್ಚಿದೆ, ಮಂಗಗಳ ಕಾಟಕ್ಕೆ. ವಿಡಿಯೋ ಮಾಡಲೇ ಎಂದು ಆಪಾಳನ್ನು ಕೇಳಿದ. ನನ್ನ ಮುಖವೊಂದು ಬೇಡ, ಉಳಿದದ್ದು ಮಾಡಿಕೋ ಎಂದಳು.

ನಾಲ್ಕು ನಿಮಿಷದ ವಿಡಿಯೋ. ತೊಲೆ, ಜಂತಿ, ಉದುರಿದ ಗಿಲಾವು, ಮೂಲೆಯ ಸೋರಿಕೆಗೆ ಇಟ್ಟ ಬೋಗುಣಿ. ಅರ್ಧದಷ್ಟು ಆಪಾಳ ದನಿಯೇ: ಮಾಳಿಗೆಗೆ ಮಣ್ಣು ಹಾಕಲು ಆಳು ಸಿಗುವುದಿಲ್ಲ, ತಮ್ಮಂದಿರು ಫೋನು ಮಾಡುತ್ತಾರೆ, ಮಣ್ಣು ಹಾಕುವುದಿಲ್ಲ. ಹಾನಗಲ್ಲಿಗೆ ಬಂದ ಮೇಲೆ, ಹಾಕಿದೆಯೇನಪಾ ಎಂದು ಹುಡುಗನನ್ನು ಕೇಳಿದೆ. 'ಇದನ್ನ ಯಾರು ನೋಡತಾರ್ರಿ' ಎಂದು ನಕ್ಕು ನನ್ನ ಮೊಬೈಲಿಗೆ ಕಳಿಸಿದ. ಮೂಲೆಯ ಸೋರಿಕೆ ಹಾಗೆಯೇ ಇದೆ.